ಹಳಿ ಪಕ್ಕದ ಗಾಜಿನ ಎಳೆ ಮತ್ತು ಆನೆಯ ಹೆಜ್ಜೆ: ಡೂವರ್ಸ್ ರೈಲು ಮಾರ್ಗದ ಒಂದು ಪ್ರಕರಣ ಅಧ್ಯಯನ

ಮಲೆನಾಡಿನಲ್ಲಿ ಗದ್ದೆ ಕಾಯುವವರು ಬೆಳೆಯ ಸುತ್ತ ಹಗ್ಗ ಎಳೆದು ಅದಕ್ಕೆ ಖಾಲಿ ತಗಡಿನ ಡಬ್ಬ ಕಟ್ಟುತ್ತಿದ್ದರು. ರಾತ್ರಿ ಹಂದಿಯೋ ಆನೆಯೋ ಹಗ್ಗಕ್ಕೆ ತಾಗಿದರೆ ಅಟ್ಟಣೆಯ ಮೇಲೆ ಮಲಗಿದವರ ಕಿವಿ ಹತ್ತಿರ ಡಬ್ಬ ಗಲಗಲ ಅನ್ನುತ್ತಿತ್ತು. ಏನೋ ಬಂದಿದೆ ಎಂಬುದು ಗೊತ್ತಾಗುತ್ತಿತ್ತು. ಎಲ್ಲಿ ಬಂದಿದೆ ಎಂದು ತಿಳಿಯಲು ಮಾತ್ರ ಟಾರ್ಚ್ ಹಿಡಿದು ಕತ್ತಲೆಗೆ ಇಳಿಯಲೇಬೇಕಿತ್ತು.

ಐವತ್ತು ಕಿಲೋಮೀಟರ್ ಉದ್ದದ ಒಂದು ಹಗ್ಗ, ಅದನ್ನು ಯಾರು ಎಲ್ಲಿ ಮುಟ್ಟಿದರೂ ಹತ್ತಿಪ್ಪತ್ತು ಮೀಟರ್ ಅಂತರದೊಳಗೆ ಜಾಗ ಹೇಳಿಬಿಡುತ್ತದೆ ಎಂದು ಆ ಕಾವಲಿನವರಿಗೆ ಹೇಳಿದ್ದರೆ ನಂಬುತ್ತಿರಲಿಲ್ಲ. ಪಶ್ಚಿಮ ಬಂಗಾಳದ ಉತ್ತರ ತುದಿಯಲ್ಲಿ, ಭೂತಾನದ ಬೆಟ್ಟಗಳ ಬುಡದ ಡೂವರ್ಸ್ ಸೀಮೆಯಲ್ಲಿ, 2022ರ ಡಿಸೆಂಬರ್‌ನಿಂದ ಅಂಥದೊಂದು ಹಗ್ಗ ಕೆಲಸ ಮಾಡುತ್ತಿದೆ. ಈ ಹಗ್ಗ ಗಾಜಿನದು. ಕೂದಲೆಳೆಯಷ್ಟು ತೆಳ್ಳಗಿನ ಆಪ್ಟಿಕಲ್ ಫೈಬರ್, ಹಳಿಯ ಪಕ್ಕ ಮಣ್ಣಿನೊಳಗೆ ಹೂತದ್ದು.

ನಾನು ಹಲವು ವರ್ಷ ಓಎಫ್‌ಸಿ, ಅಂದರೆ ಆಪ್ಟಿಕಲ್ ಫೈಬರ್ ಕೇಬಲ್‌ಗಳ ದುರಸ್ತಿ ಕೆಲಸದಲ್ಲಿದ್ದವನು. ಎಳೆ ಎಲ್ಲಿ ತುಂಡಾಗಿದೆ ಎಂದು ಮೀಟರ್ ನೋಡಿ ಹೇಳುವುದು, ಆ ಜಾಗ ಅಗೆಸುವುದು, ಬೆಸೆಯುವುದು ನನ್ನ ದಿನಚರಿಯಾಗಿತ್ತು. ಆದ್ದರಿಂದ ಈ ಪ್ರಕರಣವನ್ನು ಕೇಬಲ್‌ನವನ ಕಣ್ಣಿನಿಂದ ನೋಡುತ್ತೇನೆ. ಆನೆಯ ಹೆಜ್ಜೆಯನ್ನು ಗಾಜಿನ ಎಳೆ ಕೇಳುತ್ತದೆ ಎಂಬುದು ಬೆರಗಿನ ವಿಷಯ, ನಿಜ. ಆದರೆ ನನ್ನ ಮಟ್ಟಿಗೆ ಕಷ್ಟದ ಭಾಗ ಶುರುವಾಗುವುದೇ ಅದಾದ ಮೇಲೆ. ಎಳೆಯ ಮೇಲಿನ ಒಂದು ಬಿಂದುವನ್ನು ಹಳಿ ಬದಿಯಲ್ಲಿ ದೂರ ಗುರುತಿಸಲು ನೆಟ್ಟ ಒಂದು ಕಂಬಕ್ಕೆ ಹೊಂದಿಸಬೇಕು, ಆ ಕಂಬದ ನಂಬರನ್ನು ಓಡುತ್ತಿರುವ ಎಂಜಿನ್‌ಗೆ ಸಮಯದೊಳಗೆ ತಲುಪಿಸಬೇಕು. ಆನೆ ಉಳಿಯುವುದೂ ಸಾಯುವುದೂ ಅಲ್ಲಿ.

ಆ ದಾರಿಯಲ್ಲಿ ಆದದ್ದು

ಸಿಲಿಗುರಿ ಜಂಕ್ಷನ್‌ನಿಂದ ಅಲಿಪುರ್‌ದ್ವಾರ್ ಜಂಕ್ಷನ್‌ವರೆಗಿನ ರೈಲು ಮಾರ್ಗ ಮಹಾನಂದಾ, ಚಾಪ್ರಾಮಾರಿ, ಜಲ್ದಾಪಾರಾ, ಬಕ್ಸಾ ಕಾಡುಗಳನ್ನು ಸೀಳಿಕೊಂಡೋ ಸವರಿಕೊಂಡೋ ಹೋಗುತ್ತದೆ. ನಡುನಡುವೆ ಚಹಾ ತೋಟಗಳು. ತೀಸ್ತಾ, ಜಲಢಾಕಾ, ತೋರ್ಸಾ ನದಿಗಳು. ಆನೆಗಳು ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗಲು ಈ ಹಳಿ ದಾಟದೆ ಗತಿಯಿಲ್ಲ. ಮೀಟರ್ ಗೇಜ್ ಇದ್ದಾಗ ರೈಲುಗಳು ಕಡಿಮೆ, ವೇಗವೂ ಕಡಿಮೆ. 2003-04ರ ಹೊತ್ತಿಗೆ ಬ್ರಾಡ್ ಗೇಜ್ ಬಂತು. ರೈಲು ಹೆಚ್ಚಿದವು, ವೇಗ ಹೆಚ್ಚಿತು, ಆನೆಗಳ ಸಾವೂ ಹೆಚ್ಚಿತು.

2010ರ ಸೆಪ್ಟೆಂಬರ್‌ನ ಒಂದು ರಾತ್ರಿ ಬಾನರ್‌ಹಾಟ್ ಬಳಿ ಗೂಡ್ಸ್ ರೈಲೊಂದು ಹಿಂಡಿಗೆ ನುಗ್ಗಿ ಏಳು ಆನೆಗಳನ್ನು ಕೊಂದಿತು. ಹಳಿಯ ಮೇಲೆ ಸಿಕ್ಕಿಕೊಂಡ ಮರಿಗಳನ್ನು ಬಿಡಿಸಲು ದೊಡ್ಡ ಆನೆಗಳು ಸುತ್ತ ನಿಂತಿದ್ದವು ಎಂದು ಆಗ ವರದಿಯಾಗಿತ್ತು. 2013ರ ನವೆಂಬರ್ 13ರ ಸಂಜೆ ಜಲಢಾಕಾ ಸೇತುವೆಯ ಹತ್ತಿರ, ಚಾಪ್ರಾಮಾರಿ ಕಾಡಿನ ಅಂಚಿನಲ್ಲಿ, ಸುಮಾರು 40 ಆನೆಗಳ ಹಿಂಡು ದಾಟುತ್ತಿದ್ದಾಗ ಕವಿಗುರು ಎಕ್ಸ್‌ಪ್ರೆಸ್ ಬಂತು. ಮತ್ತೆ ಏಳು ಸಾವು, ಅವುಗಳಲ್ಲಿ ಎರಡು ಮರಿಗಳು. ಹತ್ತು ಆನೆಗಳಿಗೆ ಗಾಯ. ಇಡೀ ದೇಶದ ಲೆಕ್ಕ ತೆಗೆದರೆ 2009-10ರಿಂದ 2020-21ರವರೆಗೆ ರೈಲಿಗೆ ಸಿಕ್ಕಿ ಸತ್ತ ಆನೆಗಳು 186. ಅಸ್ಸಾಮಿನಲ್ಲಿ 62, ಪಶ್ಚಿಮ ಬಂಗಾಳದಲ್ಲಿ 57.

ರೈಲ್ವೆ ಸುಮ್ಮನೆ ಕೂತಿರಲಿಲ್ಲ. ರಾತ್ರಿ ವೇಗಮಿತಿ ಹಾಕಿದರು, ಹಳಿ ಬದಿಯ ಪೊದೆ ಕಡಿದರು, ಫಲಕ ನೆಟ್ಟರು. ಜೇನುಹುಳದ ಝೇಂಕಾರವನ್ನು ಧ್ವನಿವರ್ಧಕದಲ್ಲಿ ನುಡಿಸಿ ಆನೆ ಓಡಿಸುವ ಸಾಧನವನ್ನೂ ಈಶಾನ್ಯ ಗಡಿನಾಡು ರೈಲ್ವೆಯವರು ಲೆವೆಲ್ ಕ್ರಾಸಿಂಗ್‌ಗಳಲ್ಲಿ ಇಟ್ಟರು. ಇವೆಲ್ಲ ಒಂದೊಂದು ಜಾಗದ ಕಾವಲು. ಆನೆ ಎಲ್ಲಿ ದಾಟಬಹುದೋ ಅಷ್ಟು ಉದ್ದಕ್ಕೂ ಕಾವಲಿಡುವುದು ಹೇಗೆ ಎಂಬ ಪ್ರಶ್ನೆ ಹಾಗೇ ಉಳಿದಿತ್ತು. ಉತ್ತರ ಮೊದಲಿಂದಲೂ ಅಲ್ಲೇ ಮಣ್ಣಿನಡಿ ಮಲಗಿತ್ತು: ಸಿಗ್ನಲ್, ದೂರವಾಣಿ, ಡೇಟಾಕ್ಕೆಂದು ಹಳಿಯುದ್ದಕ್ಕೂ ಹೂತ ಫೈಬರ್ ಕೇಬಲ್. ಅದರಲ್ಲಿ ಬಳಕೆಯಾಗದೆ ಬಿಟ್ಟ ಎಳೆಗಳು ಇದ್ದೇ ಇರುತ್ತವೆ. ಡಾರ್ಕ್ ಫೈಬರ್ ಅನ್ನುತ್ತೇವೆ.

ಎಳೆ ಕೇಳುವ ಬಗೆ

ಕೇಬಲ್ ದುರಸ್ತಿಯವರ ಕೈಯಲ್ಲಿ ಓಟಿಡಿಆರ್ ಎಂಬ ಮೀಟರ್ ಇರುತ್ತದೆ. ಎಳೆಯ ಒಂದು ತುದಿಯಿಂದ ಬೆಳಕಿನ ಒಂದು ಮಿಡಿತ ಬಿಡುತ್ತದೆ. ಗಾಜಿನೊಳಗೆ ಸಾಂದ್ರತೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಕಣ್ಣಿಗೆ ಕಾಣದ ಏರುಪೇರು ಪ್ರತಿ ಅಂಗುಲದಲ್ಲೂ ಇರುತ್ತದೆ. ಅವಕ್ಕೆ ತಾಗಿ ಬೆಳಕಿನ ಅತಿ ಸಣ್ಣ ಪಾಲು ಹಿಂದಕ್ಕೆ ಚದುರುತ್ತದೆ. ಆಕಾಶವನ್ನು ನೀಲಿ ಮಾಡುವ ರ್‍ಯಾಲೆ ಚದುರುವಿಕೆಯೇ ಇದು. ಬೆಳಕು ಹೋಗಿ ಬರಲು ಹಿಡಿದ ಸಮಯ ಅಳೆದರೆ ದೂರ ಸಿಗುತ್ತದೆ. ಬಾವಿಗೆ ಕಲ್ಲು ಹಾಕಿ, ನೀರಿನ ಸದ್ದು ಬರುವ ತನಕ ಎಣಿಸಿ ಆಳ ಅಂದಾಜು ಮಾಡಿದ ಹಾಗೆ.

ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2.04 ಲಕ್ಷ ಕಿಲೋಮೀಟರ್. ಒಂದು ಮೀಟರ್ ದೂರ ಹೋಗಿ ಬರಲು ಹೆಚ್ಚುಕಡಿಮೆ 9.8 ನ್ಯಾನೋಸೆಕೆಂಡ್ ಸಾಕು. 100 ನ್ಯಾನೋಸೆಕೆಂಡ್ ಅಗಲದ ಮಿಡಿತ ಬಿಟ್ಟರೆ ಎಳೆಯನ್ನು 10 ಮೀಟರ್‌ನ ತುಂಡುಗಳಾಗಿ ನೋಡಬಹುದು. ತುಂಡು ಇನ್ನೂ ಚಿಕ್ಕದಿರಲಿ ಎಂದು ಮಿಡಿತವನ್ನು ಕಿರಿದು ಮಾಡಿದರೆ ಬೆಳಕು ಕಡಿಮೆಯಾಗುತ್ತದೆ, ದೂರದ ತುದಿ ಮಂಕಾಗುತ್ತದೆ. 1550 ನ್ಯಾನೋಮೀಟರ್ ತರಂಗಾಂತರದಲ್ಲಿ ಒಳ್ಳೆಯ ಎಳೆ ಕಿಲೋಮೀಟರಿಗೆ 0.2 ಡೆಸಿಬೆಲ್ ನುಂಗುತ್ತದೆ. 60 ಕಿಲೋಮೀಟರ್ ಹೋಗಿ ಬರುವಾಗ 24 ಡೆಸಿಬೆಲ್, ಅಂದರೆ ಆ ತುದಿಯಿಂದ ಬರುವ ಪಿಸುಮಾತು ಈ ತುದಿಯದಕ್ಕಿಂತ 250 ಪಟ್ಟು ಕ್ಷೀಣ.

ಮಾಮೂಲಿ ಓಟಿಡಿಆರ್‌ಗೆ ತುಂಡಾದ ಜಾಗ ಗೊತ್ತಾಗುತ್ತದೆ, ಬೆಸೆದ ಜಾಗ, ಬಾಗಿದ ಜಾಗವೂ ಗೊತ್ತಾಗುತ್ತದೆ. ಹೆಜ್ಜೆ ಗೊತ್ತಾಗುವುದಿಲ್ಲ. ಅದಕ್ಕೆ ಬೇಕಾದದ್ದು ಇನ್ನೊಂದು ಬಗೆಯ ಲೇಸರ್: ಅಲೆಗಳೆಲ್ಲ ತಾಳ ತಪ್ಪದೆ ಸಾಗುವ, ಒಂದೇ ಶುದ್ಧ ಸ್ವರದ ಬೆಳಕು. ಹತ್ತು ಮೀಟರ್ ತುಂಡಿನೊಳಗಿನ ಸಾವಿರಾರು ಏರುಪೇರುಗಳಿಂದ ಚದುರಿದ ಅಲೆಗಳು ಒಂದರ ಮೇಲೊಂದು ಕೂಡಿ ಕಳೆದು ಒಂದು ಚಿತ್ತಾರ ಮೂಡುತ್ತದೆ. ನೆಲ ನಡುಗಿ ಎಳೆ ತುಸು ಹಿಗ್ಗಿದರೆ ಆ ಅಲೆಗಳ ತಾಳ ಬದಲಾಗುತ್ತದೆ. 10 ಮೀಟರ್ ಎಳೆ ಒಂದು ಮೀಟರಿನ ಕೋಟಿಯಲ್ಲೊಂದು ಪಾಲು, ಅಂದರೆ 100 ನ್ಯಾನೋಮೀಟರ್ ಉದ್ದವಾದರೆ ತಾಳದಲ್ಲಿ ಹೆಚ್ಚುಕಡಿಮೆ ಒಂದು ರೇಡಿಯನ್, ಅಂದರೆ ಒಂದು ಪೂರ್ತಿ ಅಲೆಯ ಸುಮಾರು ಆರನೇ ಒಂದು ಪಾಲು ವ್ಯತ್ಯಾಸ ಬೀಳುತ್ತದೆ. ಉಪಕರಣ ಅದಕ್ಕಿಂತ ಎಷ್ಟೋ ಸಣ್ಣದನ್ನೂ ಹಿಡಿಯುತ್ತದೆ. ಡಿಸ್ಟ್ರಿಬ್ಯೂಟೆಡ್ ಅಕೌಸ್ಟಿಕ್ ಸೆನ್ಸಿಂಗ್, ಚಿಕ್ಕದಾಗಿ ಡ್ಯಾಸ್ ಎಂದು ಇದರ ಹೆಸರು. ಡೂವರ್ಸ್‌ನ ವ್ಯವಸ್ಥೆಯ ತಿರುಳು ಇದೇ. 60 ಕಿಲೋಮೀಟರ್‌ವರೆಗಿನ ಹಳಿಯ ಮೇಲೆ ಇದು ನಿಗಾ ಇಡಬಲ್ಲದು ಎಂದು ರೈಲ್ವೆ ಹೇಳಿದೆ.

ಅಷ್ಟು ಉದ್ದದ ಎಳೆಯಲ್ಲಿ ಒಂದು ಮಿಡಿತ ಹೋಗಿ ಬರಲು 0.59 ಮಿಲಿಸೆಕೆಂಡ್ ಬೇಕು. ಅದು ಬರುವ ಮುಂಚೆ ಇನ್ನೊಂದನ್ನು ಬಿಟ್ಟರೆ ಎರಡರ ಪ್ರತಿಧ್ವನಿ ಕಲಸಿಹೋಗುತ್ತದೆ. ಆದ್ದರಿಂದ ಸೆಕೆಂಡಿಗೆ ಸುಮಾರು 1,700 ಮಿಡಿತವೇ ಮಿತಿ. ಆನೆಯ ಹೆಜ್ಜೆ ನೆಲಕ್ಕೆ ಕೊಡುವ ಕಂಪನ ತೀರಾ ತಗ್ಗಿನದು, ಸೆಕೆಂಡಿಗೆ ಕೆಲವು ಹತ್ತು ಸಲ ಅಷ್ಟೇ. ಅದಕ್ಕೆ ಈ ವೇಗ ಧಾರಾಳ.

ಇಲ್ಲಿ ನನಗೆ ಬಹಳ ಹಿಡಿಸಿದ ಸಂಗತಿಯೊಂದನ್ನು ಹೇಳಿ ಮುಂದೆ ಹೋಗುತ್ತೇನೆ. ನೆಲದ ಕಂಪನ ಕೇಳುವುದು ಆನೆಗೆ ಹೊಸದಲ್ಲ. ಅದರ ಗುಡುಗುಟ್ಟುವ ತಗ್ಗು ದನಿ ಗಾಳಿಯಲ್ಲಿ ಮಾತ್ರವಲ್ಲ, ನೆಲದಲ್ಲೂ ಹರಿಯುತ್ತದೆ. ದೂರದ ಆನೆಗಳು ಅದನ್ನು ಪಾದದಿಂದ ಗುರುತಿಸುತ್ತವೆ ಎಂಬುದನ್ನು ಆಫ್ರಿಕಾದಲ್ಲಿ ನಡೆದ ಸಂಶೋಧನೆಗಳು ತೋರಿಸಿವೆ. ನಾವು ಗಾಜಿನಿಂದ ಮಾಡಿಸುತ್ತಿರುವ ಕೆಲಸವನ್ನು ಆನೆ ತನ್ನ ಅಂಗಾಲಿನಿಂದ ಯುಗಗಳಿಂದ ಮಾಡುತ್ತ ಬಂದಿದೆ.

ತೆರೆಯ ಮೇಲೆ ಆನೆ ಕಾಣುವ ರೀತಿ

ಕಂಟ್ರೋಲ್ ರೂಮಿನ ತೆರೆಯ ಮೇಲೆ ಅಡ್ಡಕ್ಕೆ ದೂರ, ಉದ್ದಕ್ಕೆ ಸಮಯ. ಜಲಪಾತದಂತೆ ಚಿತ್ರ ಮೇಲಿಂದ ಕೆಳಗೆ ಇಳಿಯುತ್ತಿರುತ್ತದೆ. ರೈಲು ಬಂದರೆ ಓರೆಯಾದ ದಪ್ಪ ಗೆರೆ. ಗೆರೆಯ ಓರೆಯೇ ಅದರ ವೇಗ. ಸೇತುವೆ, ಪಂಪ್‌ಸೆಟ್, ಜನರೇಟರ್ ಇರುವ ಕಡೆ ಯಾವಾಗಲೂ ಒಂದು ನೇರ ಪಟ್ಟಿ. ಗ್ಯಾಂಗ್‌ಮನ್ ಹಳಿಗುಂಟ ನಡೆದರೆ ತೆಳ್ಳನೆಯ ಓರೆ ಗೆರೆ, ಒಂದು ತುಂಡಿನಿಂದ ಪಕ್ಕದ ತುಂಡಿಗೆ ನಿಧಾನ ಜರುಗುತ್ತದೆ. ಹಳಿ ದಾಟುವ ಆನೆ ಹೀಗೆ ಜರುಗುವುದಿಲ್ಲ. ಒಂದೇ ಕಡೆ ಮಸುಕಾಗಿ ಹುಟ್ಟಿ, ಗಟ್ಟಿಯಾಗಿ, ಮತ್ತೆ ಮಸುಕಾಗುತ್ತದೆ. ಹಿಂಡಾದರೆ ಕಲೆ ಅಗಲವಾಗಿ ಹಲವು ನಿಮಿಷ ಉಳಿಯುತ್ತದೆ.

ಕೇಳಲು ಸಲೀಸು. ವಾಸ್ತವದಲ್ಲಿ ಎರಡು ತೊಡಕುಗಳಿವೆ.

ಒಂದು, ಆನೆ ಭಾರದ ಪ್ರಾಣಿಯಾದರೂ ಹೆಜ್ಜೆ ಹಗುರ. ಪಾದದೊಳಗೆ ದಪ್ಪ ಕೊಬ್ಬಿನ ಮೆತ್ತೆಯಿದೆ. ಎರಡು ಮೂರು ಟನ್ ತೂಕ ನೆಲದ ಮೇಲೆ ಕೂರುತ್ತದೆ, ಬಡಿಯುವುದಿಲ್ಲ. ಸಕಲೇಶಪುರ, ಸಿದ್ದಾಪುರ ಕಡೆ ಕಾಫಿ ತೋಟದವರನ್ನು ಕೇಳಿ: ಹತ್ತು ಮಾರು ದೂರದಲ್ಲಿ ಆನೆ ನಿಂತಿದ್ದರೂ ಸದ್ದೇ ಇರುವುದಿಲ್ಲ ಎನ್ನುತ್ತಾರೆ. ಬೂಟು ಹಾಕಿದ ಮನುಷ್ಯನ ಹಿಮ್ಮಡಿ ಚೂಪಾದ ಏಟು ಕೊಡುತ್ತದೆ, ಆನೆಯದು ಮೊಂಡು ಒತ್ತು. ಗಟ್ಟಿ ಸದ್ದು ಬಂದರೆ ಆನೆ ಎಂದು ಸಾಫ್ಟ್‌ವೇರ್‌ಗೆ ಹೇಳಿಕೊಟ್ಟರೆ ಅದು ಲಾರಿಯನ್ನೂ ಗುದ್ದಲಿಯನ್ನೂ ಆನೆ ಎನ್ನುತ್ತದೆ. ಹೆಜ್ಜೆಯ ಲಯ, ತಗ್ಗು ಸ್ವರ, ಜಾಗದಲ್ಲಿ ನಿಂತ ಹೊತ್ತು ಎಲ್ಲವನ್ನೂ ಸೇರಿಸಿ ಕಲಿಸಬೇಕು. ಕಲಿಸಲು ಪಳಗಿದ ಆನೆಯನ್ನು ಕೇಬಲ್‌ನ ಮೇಲೆ ನಡೆಸುವುದಕ್ಕಿಂತ ಒಳ್ಳೆಯ ಪಾಠವಿಲ್ಲ. ಅದೂ ಒಣ ನೆಲದಲ್ಲಿ ಒಮ್ಮೆ, ಮಳೆ ನೆನೆದ ನೆಲದಲ್ಲಿ ಒಮ್ಮೆ. ಡೂವರ್ಸ್‌ನ ಮಳೆ ನಮ್ಮ ಆಗುಂಬೆ ಕಡೆಯವರಿಗೆ ಅರ್ಥವಾಗುವಂಥದ್ದು. ಜಡಿಮಳೆಯ ಹನಿಗಳೇ ತೆರೆಯನ್ನು ತುಂಬಿಬಿಡುತ್ತವೆ.

ಇನ್ನೊಂದು ತೊಡಕು ಹೆಚ್ಚು ಸೂಕ್ಷ್ಮ. ಎಳೆ ತನ್ನ ಉದ್ದಕ್ಕೆ ಹಿಗ್ಗಿದಾಗ ಚೆನ್ನಾಗಿ ಕೇಳುತ್ತದೆ, ಪಕ್ಕಕ್ಕೆ ಅಲುಗಿದರೆ ಅಷ್ಟಾಗಿ ಕೇಳುವುದಿಲ್ಲ. ಆನೆ ಕಾಡಿನ ಕಡೆಯಿಂದ ಹಳಿಗೆ ನೇರ ಬರುತ್ತಿದೆ ಎಂದುಕೊಳ್ಳಿ. ಅದರ ಎದುರಿನ ಬಿಂದುವಿಗೆ ಅಲೆ ತೊಂಬತ್ತು ಡಿಗ್ರಿಯಲ್ಲಿ ತಾಗುತ್ತದೆ. ಅಲ್ಲಿ ಎಳೆಯ ಕಿವಿ ಮಂದ. ತುಸು ಎಡಕ್ಕೂ ಬಲಕ್ಕೂ ಓರೆಯಾಗಿ ತಾಗುವುದರಿಂದ ಅಲ್ಲಿ ಸದ್ದು ಹೆಚ್ಚು. ಹೀಗಾಗಿ ಕಲೆ ಎರಡು ದಂಡೆಗಳಾಗಿ ಕಾಣಬಹುದು, ನಡುವೆ ಒಂದು ತಗ್ಗು. ಅತಿ ಗಟ್ಟಿಯಾದ ತುಂಡನ್ನೇ ಆನೆಯ ಜಾಗ ಎಂದು ಬರೆದರೆ ತಪ್ಪು. ಎರಡು ದಂಡೆಗಳ ನಡುವನ್ನು ಹಿಡಿಯಬೇಕು, ಅಥವಾ ಅಕ್ಕಪಕ್ಕದ ತುಂಡುಗಳಿಗೆ ಅಲೆ ತಲುಪಿದ ಹೊತ್ತಿನ ವ್ಯತ್ಯಾಸ ನೋಡಿ ಮೂಲವನ್ನು ಕಂಡುಹಿಡಿಯಬೇಕು.

ಎಳೆಯ ಮೀಟರ್ ಬೇರೆ, ಹಳಿಯ ಕಿಲೋಮೀಟರ್ ಬೇರೆ

ಈಗ ನನ್ನ ಕಸುಬಿನ ಮಾತು. ಹಾಸನದ ಕಡೆ ಒಂದು ಮಳೆಗಾಲದ ರಾತ್ರಿ ಎಳೆಯೊಂದು ಸತ್ತಿತ್ತು. ಓಟಿಡಿಆರ್ ಹಚ್ಚಿ ದೂರ ನೋಡಿ, ರಸ್ತೆ ಬದಿಯಲ್ಲಿ ಟೇಪ್ ಹಿಡಿದು ಅಳೆದು, ಅಗೆಸಿದೆ. ಡಕ್ಟ್ ಒಡೆದು ನೋಡಿದರೆ ಕೇಬಲ್ ಹೊಸದರಂತಿತ್ತು. ಇನ್ನೆರಡು ಕಡೆ ಅಗೆದರೂ ಅಷ್ಟೇ. ನಮ್ಮ ಜೊತೆಗಿದ್ದ ಹಿರಿಯ ಲೈನ್‌ಮನ್ ಒಬ್ಬರು ಅಷ್ಟು ಹೊತ್ತು ಸುಮ್ಮನಿದ್ದು ಕೊನೆಗೆ ಕೇಳಿದರು: "ಸಾರ್, ಲೂಪು ಕಳೆದ್ರಾ?" ನಾನು ಕಳೆದಿರಲಿಲ್ಲ. ಪ್ರತಿ ಜಾಯಿಂಟ್ ಚೇಂಬರಿನಲ್ಲೂ ಮುಂದೆ ಬೇಕಾದೀತು ಎಂದು 20 ಮೀಟರ್ ಕೇಬಲನ್ನು ಸುರುಳಿ ಸುತ್ತಿ ಬಿಟ್ಟಿದ್ದರು. ನಡುವೆ ಅಂಥ ಒಂಬತ್ತು ಚೇಂಬರ್. ನಾನು 180 ಮೀಟರ್ ಮುಂದೆ ಅಗೆಸುತ್ತಿದ್ದೆ. ಹಿಂದಕ್ಕೆ ಬಂದು ಅಗೆದಾಗ ಇಲಿ ಕಡಿದ ಜಾಗ ಸಿಕ್ಕಿತು.

ಅಂದು ಹೋದದ್ದು ಅರ್ಧ ರಾತ್ರಿಯ ನಿದ್ದೆ ಮಾತ್ರ. ಡೂವರ್ಸ್‌ನಲ್ಲಿ ಇದೇ ತಪ್ಪಾದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿದೆ. 50 ಕಿಲೋಮೀಟರ್ ಮಾರ್ಗ ಎನ್ನೋಣ. ಕೇಬಲ್ ಡ್ರಮ್ ಎರಡೆರಡು ಕಿಲೋಮೀಟರಿನದಾದರೆ 25 ಜಾಯಿಂಟ್. ಒಂದಕ್ಕೆ 20 ಮೀಟರ್ ಲೂಪು ಎಂದರೆ 500 ಮೀಟರ್. ಕೇಬಲ್‌ನೊಳಗೆ ಎಳೆ ಸೊಟ್ಟಸೊಟ್ಟಾಗಿ ಸುತ್ತಿಕೊಂಡಿರುತ್ತದೆ, ಎಳೆದಾಗ ತುಂಡಾಗದಿರಲೆಂದು. ಆ ಹೆಚ್ಚುವರಿ ಅರ್ಧ ಶೇಕಡಾ ಎಂದರೂ 250 ಮೀಟರ್. ಗಾಜಿನ ವಕ್ರೀಭವನಾಂಕವನ್ನು (ಗಾಜಿನಲ್ಲಿ ಬೆಳಕು ಎಷ್ಟು ಪಟ್ಟು ನಿಧಾನ ಎಂಬ ಅಂಕಿ) 1.468 ಎಂದು ಕೊಡುವ ಬದಲು 1.462 ಎಂದು ಉಪಕರಣಕ್ಕೆ ಕೊಟ್ಟರೆ ಇನ್ನೂ 200 ಮೀಟರ್. ಎಲ್ಲ ಸೇರಿ ಸುಮಾರು ಒಂದು ಕಿಲೋಮೀಟರ್. ಹತ್ತು ಮೀಟರ್ ನಿಖರತೆಯ ಉಪಕರಣ, ಒಂದು ಕಿಲೋಮೀಟರ್ ತಪ್ಪಿನ ಉತ್ತರ.

ಇಂಥ ತಪ್ಪು ಜೀವ ತೆಗೆಯುವ ದಾರಿ ಸ್ಪಷ್ಟವಾಗಿದೆ. ಇಂಥ ಕಂಬದಿಂದ ಇಂಥ ಕಂಬದವರೆಗೆ ನಿಧಾನಿಸಿ ಎಂದು ಲೋಕೋ ಪೈಲಟ್‌ಗೆ ಸೂಚನೆ ಹೋಗುತ್ತದೆ. ಅವರು ನಿಧಾನಿಸುತ್ತಾರೆ, ಎರಡೂ ಬದಿ ನೋಡುತ್ತಾರೆ, ಏನೂ ಕಾಣುವುದಿಲ್ಲ. ಆ ಕಂಬ ದಾಟಿದ ಮೇಲೆ ವೇಗ ಏರಿಸುತ್ತಾರೆ. ಆನೆಗಳು ಮುಂದಿನ ತಿರುವಿನಲ್ಲಿರುತ್ತವೆ. ಹೀಗೆ ನಾಲ್ಕು ಸಲ ಆನೆ ಕಾಣದಿದ್ದರೆ ಐದನೇ ಸಲ ಸೂಚನೆಯ ಮೇಲೆ ನಂಬಿಕೆಯೇ ಉಳಿಯುವುದಿಲ್ಲ, ಅದಕ್ಕೆ ಅವರನ್ನು ದೂರುವಂತೆಯೂ ಇಲ್ಲ.

ಮದ್ದು ಹಳೆಯದೇ, ಕೈಕಾಲು ಬಳಸಿ ಮಾಡುವಂಥದ್ದು. ಹಳಿಗುಂಟ ನಡೆಯುತ್ತ ನೂರಿನ್ನೂರು ಮೀಟರಿಗೊಮ್ಮೆ ಸುತ್ತಿಗೆಯಿಂದ ನೆಲಕ್ಕೆ ಬಡಿಯಬೇಕು. ಒಬ್ಬರು ಬಡಿದು ಫೋನಿನಲ್ಲಿ ಕಂಬದ ನಂಬರು ಹೇಳುತ್ತಾರೆ, ತೆರೆಯ ಮುಂದೆ ಕೂತವರು ಯಾವ ತುಂಡು ಬೆಳಗಿತು ಎಂದು ಬರೆದುಕೊಳ್ಳುತ್ತಾರೆ. ಹೀಗೆ ಎಳೆಯ ಮೀಟರಿಗೂ ಹಳಿಯ ಕಂಬಕ್ಕೂ ಒಂದು ಕೋಷ್ಟಕ ಸಿದ್ಧವಾಗುತ್ತದೆ. ಚೇಂಬರಿನ ಲೂಪು ಎಲ್ಲಿದೆ ಎಂಬುದೂ ಆಗಲೇ ಬಯಲಾಗುತ್ತದೆ: ಅಲ್ಲಿ ಒಂದು ಏಟಿಗೆ ಎರಡು ಮೂರು ತುಂಡು ಒಟ್ಟಿಗೆ ಬೆಳಗುತ್ತವೆ. ಲೂಪು ನೆಲಕ್ಕೆ ತಾಗದೆ ನೇತಾಡುತ್ತಿದ್ದರೆ ಯಾವುದೂ ಬೆಳಗುವುದಿಲ್ಲ. ಸೇತುವೆಗಳಲ್ಲಿ ಕೇಬಲ್ ಪೈಪಿನೊಳಗೆ ಕಬ್ಬಿಣಕ್ಕೆ ಅಂಟಿ ಹೋಗುವುದರಿಂದ ಅಲ್ಲಿನ ನಡವಳಿಕೆಯೇ ಬೇರೆ. ಅದನ್ನೂ ಗುರುತಿಸಬೇಕು. ಓಡುವ ರೈಲೇ ಇನ್ನೊಂದು ಅಳತೆಗೋಲು. ಒಂದೇ ವೇಗದಲ್ಲಿ ಹೋಗುವ ರೈಲಿನ ಓರೆ ಗೆರೆ ನೇರವಾಗಿರಬೇಕು. ಲೂಪು ಇರುವಲ್ಲಿ ಅದು ಮೆಟ್ಟಿಲಿನಂತೆ ಒಮ್ಮೆ ಜಿಗಿಯುತ್ತದೆ. ಪ್ರತಿ ರೈಲೂ ಪುಕ್ಕಟೆಯಾಗಿ ಕೋಷ್ಟಕವನ್ನು ಪರೀಕ್ಷಿಸಿ ಹೋಗುತ್ತದೆ ಎಂದಾಯಿತು.

ನನ್ನನ್ನು ಕೇಳಿದರೆ, ಲೇಸರ್‌ಗಿಂತ, ಕೃತಕ ಬುದ್ಧಿಮತ್ತೆಗಿಂತ ಈ ಕೋಷ್ಟಕಕ್ಕೆ ಹೆಚ್ಚು ಗೌರವ ಸಲ್ಲಬೇಕು. ಟೆಂಡರಿನಲ್ಲಿ ಅದು ಕೊನೆಯ ಸಾಲಾಗಿರುತ್ತದೆ. ಹಳಿ ಬದಿಯಲ್ಲಿ ಅದೇ ಮೊದಲ ಸಾಲು.

ಸುದ್ದಿ ಎಂಜಿನ್ ತಲುಪುವ ತನಕ

ಎಚ್ಚರಿಕೆ ಕಂಟ್ರೋಲ್ ಕಚೇರಿ, ಸ್ಟೇಷನ್ ಮಾಸ್ಟರ್, ಗೇಟ್‌ಮನ್, ಲೋಕೋ ಪೈಲಟ್ ಇವರಿಗೆ ಹೋಗಬೇಕು ಎಂಬುದು ವ್ಯವಸ್ಥೆಯ ಗುರಿ. ಸಮಯದ ಲೆಕ್ಕ ನೋಡೋಣ. ಗಂಟೆಗೆ 60 ಕಿಲೋಮೀಟರ್ ವೇಗದ ರೈಲು ನಿಮಿಷಕ್ಕೆ ಒಂದು ಕಿಲೋಮೀಟರ್ ಸಾಗುತ್ತದೆ. ಭರ್ತಿ ಗೂಡ್ಸ್ ರೈಲು ನಿಲ್ಲಲು ಇನ್ನೂ ಒಂದು ಕಿಲೋಮೀಟರ್ ಬೇಕಾಗಬಹುದು. ಆನೆ ನಡೆಯುವುದು ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು. ಹಳಿಯಿಂದ 30 ಮೀಟರ್ ದೂರದಲ್ಲಿ ಎಳೆ ಅದನ್ನು ಗುರುತಿಸಿದರೆ ಅರ್ಧ ನಿಮಿಷದಲ್ಲಿ ಅದು ಹಳಿಯ ಮೇಲಿರುತ್ತದೆ. ತಂತ್ರಾಂಶ ಆನೆಯೇ ಹೌದು ಎಂದು ತೀರ್ಮಾನಿಸಲು 20 ಸೆಕೆಂಡ್, ಸ್ಟೇಷನ್ ಮಾಸ್ಟರ್ ಗಂಟೆ ಕೇಳಿ ವಾಕಿಟಾಕಿ ಎತ್ತಿ ರೈಲಿನವರನ್ನು ಹಿಡಿಯಲು ಒಂದು ನಿಮಿಷ ಎಂದರೂ, ರೈಲು ಎರಡೂವರೆ ಕಿಲೋಮೀಟರಿಗಿಂತ ಹತ್ತಿರವಿದ್ದರೆ ಏನೂ ಮಾಡಲಾಗದು. ಅದಕ್ಕಿಂತ ದೂರವಿದ್ದರೆ ಉಳಿಸಬಹುದು. ಹಿಂಡು ದಾಟಲು ಹಲವು ನಿಮಿಷ ತೆಗೆದುಕೊಳ್ಳುವುದರಿಂದ ಉಳಿಸಬಹುದಾದ ಸಂದರ್ಭಗಳೇ ಹೆಚ್ಚು. ಅದೇ ಈ ವ್ಯವಸ್ಥೆಯ ಬಲ. ಸ್ಟೇಷನ್ ಮಾಸ್ಟರ್‌ರ ನಡುವಿನ ಆ ಒಂದು ನಿಮಿಷವನ್ನು ತೆಗೆದು ಸೂಚನೆ ನೇರ ಎಂಜಿನ್‌ನೊಳಗೆ ಬೆಳಗುವಂತೆ ಮಾಡಿದರೆ ಪೂರಾ ಒಂದು ಕಿಲೋಮೀಟರ್ ಉಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಮುಂದಿನ ಹಣ ಹೋಗಬೇಕಾದದ್ದು ಅಲ್ಲಿಗೆ.

ಫಲ ಏನಾಯಿತು

ಮೊದಲ ಪ್ರಯೋಗ ಡೂವರ್ಸ್‌ನ ಚಾಲ್ಸಾ–ಹಾಸಿಮಾರಾ ನಡುವೆ ಮತ್ತು ಅಸ್ಸಾಮಿನ ಲಂಕಾ–ಹಬಾಯ್‌ಪುರ್ ನಡುವೆ ನಡೆಯಿತು. 2022ರ ಡಿಸೆಂಬರ್‌ನಿಂದ 2023ರ ಜುಲೈವರೆಗೆ 9,768 ಎಚ್ಚರಿಕೆಗಳು ಬಂದವು, ದಿನಕ್ಕೆ ಸರಾಸರಿ 41. ಆ ಭಾಗಗಳಲ್ಲಿ ಆನೆ–ರೈಲು ಡಿಕ್ಕಿ ಆಗಲಿಲ್ಲ ಎಂದು ರೈಲ್ವೆಯ ಲೆಕ್ಕ. ನಿಖರತೆ ಶೇ. 99.5 ಎಂದೂ ಹೇಳಲಾಯಿತು. ಈ ಸಂಖ್ಯೆಯನ್ನು ನಾನು ಎಚ್ಚರದಿಂದ ಓದುತ್ತೇನೆ. ಬಂದ ಎಚ್ಚರಿಕೆಗಳಲ್ಲಿ ಎಷ್ಟು ನಿಜವಾದ ಆನೆ ಎಂಬುದು ಒಂದು ಪ್ರಶ್ನೆ. ದಾಟಿದ ಆನೆಗಳಲ್ಲಿ ಎಷ್ಟು ಎಳೆಯ ಕಿವಿಗೆ ಬೀಳದೆ ಹೋದವು ಎಂಬುದು ಇನ್ನೊಂದು. ಎರಡಕ್ಕೂ ಒಂದೇ ಶೇಕಡಾವಾರು ಉತ್ತರವಾಗದು. ಎರಡನೆಯದನ್ನು ತಿಳಿಯಲು ಬೆಳಿಗ್ಗೆ ಹಳಿ ಬದಿಯ ಹೆಜ್ಜೆ ಗುರುತು, ಲದ್ದಿ, ಕ್ಯಾಮೆರಾ ಚಿತ್ರ ಇವನ್ನು ರಾತ್ರಿಯ ದಾಖಲೆಯೊಂದಿಗೆ ಹೋಲಿಸಬೇಕು. ಅರಣ್ಯ ಇಲಾಖೆಯ ಕಾವಲುಗಾರರು ಆ ಕೆಲಸಕ್ಕೆ ಎಲ್ಲರಿಗಿಂತ ಚೆನ್ನಾಗಿ ಒದಗುತ್ತಾರೆ.

ಮುಂದೆ ಅಧಿಕೃತವಾಗಿ ಚಾಲನೆಗೊಂಡ ಭಾಗಗಳ ಪಟ್ಟಿಯಲ್ಲಿ ಅಲಿಪುರ್‌ದ್ವಾರ್ ವಿಭಾಗದ ಮದಾರಿಹಾಟ್–ನಾಗರಾಕಾಟಾ ಇದೆ: 52 ಕಿಲೋಮೀಟರ್ ಮಾರ್ಗ, ಅದರಲ್ಲಿ ಆನೆ ದಾರಿ ಎಂದು ಗುರುತಿಸಿದ್ದು 24.1 ಕಿಲೋಮೀಟರ್. ಅಸ್ಸಾಮಿನ ಮೂರು ಭಾಗಗಳೂ ಸೇರಿ ಒಟ್ಟು 141 ಕಿಲೋಮೀಟರ್. 2010ರಲ್ಲಿ ಏಳು ಆನೆ ಸತ್ತ ಬಾನರ್‌ಹಾಟ್ ಈಗ ಎಳೆಯ ಕಾವಲಿನೊಳಗಿದೆ ಎಂಬುದು ನನಗೆ ಸಮಾಧಾನದ ವಿಷಯ.

ಆದರೆ 2023ರ ನವೆಂಬರ್ 27ರ ಬೆಳಿಗ್ಗೆ ಅದೇ ಮಾರ್ಗದ ಪೂರ್ವಕ್ಕೆ, ಬಕ್ಸಾ ಕಾಡಿನ ರಾಜಾಭಾತ್‌ಖಾವಾ ಬಳಿ, ರೈಲು ಬಡಿದು ಮೂರು ಆನೆಗಳು ಸತ್ತವು. ಅದು ಮದಾರಿಹಾಟ್–ನಾಗರಾಕಾಟಾ ಭಾಗದ ಆಚೆ. ಅದಾದ ಒಂದೆರಡು ದಿನಕ್ಕೆ ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ 'ಗಜರಾಜ' ಹೆಸರಿನಲ್ಲಿ ಈ ವ್ಯವಸ್ಥೆಯನ್ನು ಹಲವು ರಾಜ್ಯಗಳ 700 ಕಿಲೋಮೀಟರಿಗೆ 181 ಕೋಟಿ ರೂಪಾಯಿಯಲ್ಲಿ ವಿಸ್ತರಿಸುವುದಾಗಿ ಹೇಳಿದರು. ಕಿಲೋಮೀಟರಿಗೆ ಸುಮಾರು 26 ಲಕ್ಷ. ನಮ್ಮಲ್ಲಿ ಕಾಡಂಚಿಗೆ ಹಳೆಯ ಹಳಿ ನೆಟ್ಟು ಕಟ್ಟುವ ತಡೆಗೋಡೆಗೆ ಕಿಲೋಮೀಟರಿಗೆ ಕೋಟಿಗೂ ಹೆಚ್ಚು ಬೀಳುತ್ತದೆ. ಅದು ಆನೆಯನ್ನು ತಡೆಯುತ್ತದೆ, ಇದು ದಾಟಲು ಬಿಟ್ಟು ರೈಲನ್ನು ತಡೆಯುತ್ತದೆ. 2023ರ ಗಣತಿಯಂತೆ 6,395 ಆನೆಗಳಿರುವ ರಾಜ್ಯದವರಾದ ನಮಗೆ ಈ ವ್ಯತ್ಯಾಸ ಗಮನಾರ್ಹ.

ತಮಿಳುನಾಡಿನ ಮಧುಕ್ಕರೈ ಬಳಿ ಅಲ್ಲಿನ ಅರಣ್ಯ ಇಲಾಖೆ ಗೋಪುರಗಳ ಮೇಲೆ ಶಾಖ ಗುರುತಿಸುವ ಕ್ಯಾಮೆರಾ ಇಟ್ಟಿದೆ. ಅದು ಆನೆಯನ್ನು ಹಳಿಗೆ ಬರುವ ಎಷ್ಟೋ ಮುಂಚೆ ನೋಡುತ್ತದೆ. ಅರ್ಧ ನಿಮಿಷದ ಲೆಕ್ಕಕ್ಕೆ ಅದು ಒಳ್ಳೆಯ ಉತ್ತರ, ಆದರೆ ಒಂದೊಂದು ಗೋಪುರ ಕಾಣುವಷ್ಟು ದೂರಕ್ಕೆ ಮಾತ್ರ. ಆನೆ ಹೆಚ್ಚು ದಾಟುವ ಕಡೆ ಎರಡೂ ಇರುವುದು ಮೇಲು.

2025ರ ಡಿಸೆಂಬರ್ 20ರ ನಸುಕಿನಲ್ಲಿ ಅಸ್ಸಾಮಿನ ಹೊಜಾಯಿ ಜಿಲ್ಲೆಯಲ್ಲಿ ಸಾಯಿರಂಗ್–ನವದೆಹಲಿ ರಾಜಧಾನಿ ಎಕ್ಸ್‌ಪ್ರೆಸ್ ಹಿಂಡಿಗೆ ಬಡಿದು ಕನಿಷ್ಠ ಏಳು ಆನೆಗಳು ಸತ್ತವು, ಬೋಗಿಗಳು ಹಳಿ ತಪ್ಪಿದವು. ಆ ಜಾಗ ಗುರುತಿಸಿದ ಆನೆ ದಾರಿ ಆಗಿರಲಿಲ್ಲ ಎಂದು ರೈಲ್ವೆ ಹೇಳಿತು. ಕಾಗದದ ಮೇಲಿನ ದಾರಿ ಆನೆಗೆ ಗೊತ್ತಿಲ್ಲ. ಬೆಳೆ ಮಾಗಿದ ಕಡೆ, ನೀರು ಉಳಿದ ಕಡೆ ಅದು ತಿರುಗುತ್ತದೆ. ಡ್ಯಾಸ್‌ನ ದೊಡ್ಡ ಅನುಕೂಲವೇ ಇಲ್ಲಿದೆ: ಗುರುತಿಸಿದ 24 ಕಿಲೋಮೀಟರಿಗೂ ಉಳಿದ 28 ಕಿಲೋಮೀಟರಿಗೂ ಎಳೆ ಒಂದೇ, ಯಂತ್ರ ಒಂದೇ. ಪೂರ್ತಿ ಉದ್ದಕ್ಕೂ ಕೇಳಿಸಿಕೊಳ್ಳಲು ಬೇಕಾಗುವುದು ಹೆಚ್ಚಿನ ಅಳತೆಯ ಕೆಲಸ ಮತ್ತು ಎಚ್ಚರಿಕೆ ಸ್ವೀಕರಿಸುವ ಹೆಚ್ಚಿನ ಜನ.

ಕೇಬಲ್ ತುಂಡಾದ ಮರುದಿನ

ಒಂದು ಕೆಲಸವನ್ನು ಮಾತ್ರ ಬಿಡದೆ ಹೇಳಬೇಕು. ಹಳಿ ಪಕ್ಕದ ಕೇಬಲ್ ಆಗಾಗ ತುಂಡಾಗುತ್ತದೆ. ಜೆಸಿಬಿ ಬಾಯಿಗೆ ಸಿಗುತ್ತದೆ, ನೆರೆಯಲ್ಲಿ ದಂಡೆ ಕೊಚ್ಚಿಹೋಗುತ್ತದೆ. ತುಂಡಾದ ಕ್ಷಣದಿಂದ ಅದರಾಚೆಯ ಅಷ್ಟೂ ಹಳಿ ಕಿವುಡು. ಇನ್ನೊಂದು ತುದಿಯಿಂದಲೂ ಕೇಳುವ ಯಂತ್ರವಿದ್ದರೆ ಮಾತ್ರ ಉಳಿದ ಭಾಗ ಜೀವಂತ. ದುರಸ್ತಿಯವರು ರಾತ್ರೋರಾತ್ರಿ ಬಂದು ಹೊಸ ತುಂಡು ಸೇರಿಸಿ, ಎರಡು ಕಡೆ ಬೆಸೆದು, ಲೂಪು ಬಿಟ್ಟು ಮುಚ್ಚುತ್ತಾರೆ. ಡೇಟಾ ಓಡುತ್ತದೆ, ಫೋನು ಮಾತಾಡುತ್ತದೆ, ಎಲ್ಲರೂ ಮನೆಗೆ ಹೋಗುತ್ತಾರೆ. ನಾವೂ ಹಾಗೆಯೇ ಹೋಗುತ್ತಿದ್ದೆವು. ಆದರೆ ಎಳೆ ಈಗ 30 ಮೀಟರ್ ಉದ್ದವಾಗಿದೆ. ಆ ಜಾಗದಿಂದಾಚೆ ಕೋಷ್ಟಕದ ಪ್ರತಿ ಸಾಲೂ 30 ಮೀಟರ್ ತಪ್ಪು. ಇಂಥ ನಾಲ್ಕು ದುರಸ್ತಿಯಾದರೆ 120 ಮೀಟರ್.

ಹಾಗಾಗಿ ಜಾಯಿಂಟ್ ಮಾಡಿದವರು ಸ್ಥಳ ಬಿಡುವ ಮುಂಚೆ ಮೂರು ಕೆಲಸ ಮಾಡಬೇಕು. ಸೇರಿಸಿದ ಉದ್ದವನ್ನು ಕಂಬದ ನಂಬರಿನೊಂದಿಗೆ ಬರೆದು ಕಂಟ್ರೋಲ್ ರೂಮಿಗೆ ಕೊಡುವುದು. ಜಾಯಿಂಟಿನ ಈಚೆ ಒಂದು, ಆಚೆ ಎರಡು ಕಂಬದ ಬಳಿ ಸುತ್ತಿಗೆ ಬಡಿದು ತೆರೆಯವರಿಂದ ಉತ್ತರ ಪಡೆಯುವುದು. ಕೋಷ್ಟಕ ತಿದ್ದಿದ್ದಾರೆ ಎಂದು ಸ್ಟೇಷನ್ ಮಾಸ್ಟರ್‌ರ ಪುಸ್ತಕದಲ್ಲಿ ಸಹಿ ಬೀಳುವ ತನಕ, ಆ ಜಾಗದಿಂದಾಚೆ ಬರುವ ಪ್ರತಿ ಎಚ್ಚರಿಕೆಗೂ ಎರಡೂ ಬದಿಗೆ ಅರ್ಧರ್ಧ ಕಿಲೋಮೀಟರ್ ಹೆಚ್ಚು ಸೇರಿಸಿ ರೈಲಿನವರಿಗೆ ಹೇಳುವಂತೆ ಕಂಟ್ರೋಲ್ ರೂಮಿಗೆ ತಿಳಿಸುವುದು. ಇದಕ್ಕೆ ಬೇಕಾಗುವುದು ಒಂದು ಸುತ್ತಿಗೆ, ಒಂದು ಫೋನು, ಹೆಚ್ಚೆಂದರೆ ಅರ್ಧ ಗಂಟೆ.